ಕುಕ್ಕರ್ ಡ್ರೈವರನ ಅಂದಾಜು

ನಾಲ್ಕು ವರ್ಷವಾಯಿತು. ಫೋನಿನ ಮಾತು ಬಂದರೆ ಸಾಕು, ಕುಕ್ಕರ್ ಡ್ರೈವರು ಇವತ್ತಿಗೂ ಅದೇ ರಾಗ ತೆಗೆಯುತ್ತಾನೆ. "ನನ್ನ ಫೋನು ಚೆನ್ನಾಗೇ ಇತ್ತು. ಅಪ್‌ಡೇಟ್ ಹಾಕು ಅಂತ ಅವನನ್ನ ಯಾರು ಕೇಳಿದ್ರು? ಗ್ಲಾಸ್ ಬದಲಾಯಿಸೋಕೆ ಕೊಟ್ಟಿದ್ದೆ. ಬದಲಾಯಿಸಿ ವಾಪಸ್ ಕೊಡಬೇಕಿತ್ತು, ಅಷ್ಟೇ."

ಅವನು ಎಂದರೆ ಹೆಂಡತಿಯ ತಮ್ಮ, ಮೊಬೈಲ್ ರಿಪೇರಿಯವನು. ಈ ಮಾತು ಶುರುವಾದ ಕೂಡಲೇ ಹೆಂಡತಿ ಹೊಲಿಗೆ ಮಷಿನ್ನನ್ನು ಜೋರಾಗಿ ತುಳಿಯತೊಡಗುತ್ತಾಳೆ. ಅರ್ಧ ಮಾತು ಆ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಉಳಿದರ್ಧವನ್ನು ಅವನೇ ನುಂಗಿಕೊಳ್ಳುತ್ತಾನೆ. ಆ ಉಳಿದರ್ಧ ಏನೆಂದು ಅವನಿಗೆ ಚೆನ್ನಾಗಿ ಗೊತ್ತು.

ಕುಕ್ಕರ್ ಎನ್ನುವುದು ಜೊತೆಯ ಡ್ರೈವರುಗಳು ಇಟ್ಟ ಹೆಸರು. ಮೂರು ಸಲ ಕೂಗಿದ ಮೇಲೆ ತಾನಾಗಿಯೇ ತಣ್ಣಗಾಗುತ್ತಾನೆ, ಒಲೆ ಆರಿಸಿದರೆ ಸಾಕು ಎಂದು ಅವರ ಲೆಕ್ಕ. ಅವನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಓದುತ್ತಾನೆ, ಉದ್ದದ ಪದ ಬಂದರೆ ನಡುವೆ ಒಂದು ಉಸಿರು ತೆಗೆದುಕೊಳ್ಳುತ್ತಾನೆ. ಆದರೆ ಗಾಡಿಯ ವಿಷಯಕ್ಕೆ ಬಂದರೆ ಅವನಿಗೆ ಸಮ ಯಾರೂ ಇಲ್ಲ ಎಂದು ಆ ಡ್ರೈವರುಗಳೇ ಒಪ್ಪುತ್ತಾರೆ.

ಅವನಿಗೆ ಗಾಡಿ ಕಲಿಸಿದವನು ಒಬ್ಬ ಮುದುಕ ಲಾರಿ ಡ್ರೈವರು. ಎಲ್ಲರೂ ಅವನನ್ನು ಗುರು ಎಂದೇ ಕರೆಯುತ್ತಿದ್ದರು. ಎರಡು ಖಾಲಿ ಡ್ರಮ್ಮುಗಳನ್ನು ನಿಲ್ಲಿಸಿ, ಲಾರಿಯ ಕನ್ನಡಿಗಳನ್ನು ಒಳಕ್ಕೆ ಮಡಚಿ, ನಡುವೆ ಹಿಂದಕ್ಕೆ ತೆಗೆ ಎನ್ನುತ್ತಿದ್ದ. ಆ ಕಡೆ ನಾಲ್ಕು ಬೆರಳು, ಈ ಕಡೆ ನಾಲ್ಕು ಬೆರಳು ಜಾಗ. "ಗಾಡಿ ಎಷ್ಟಗಲ ಇದೆ ಅಂತ ನಿನ್ನ ಮೈಗೆ ಗೊತ್ತಿರಬೇಕು ಕಣೋ. ಅದಕ್ಕೇ ಅಂದಾಜು ಅನ್ನೋದು. ಅದಿಲ್ಲದವನು ಸ್ಟೀರಿಂಗ್ ಮುಟ್ಟಬಾರದು." ಎಂಟು ತಿಂಗಳು ಡ್ರಮ್ಮುಗಳು ಉರುಳಿದವು, ಬೈಗುಳಗಳೂ ಉರುಳಿದವು. ಒಂಬತ್ತನೇ ತಿಂಗಳಲ್ಲಿ ಒಂದು ದಿನ ಡ್ರಮ್ಮು ಅಲ್ಲಾಡಲಿಲ್ಲ. ಗುರು ಬೀಡಿ ಹಚ್ಚಿಕೊಂಡು ಪಕ್ಕದವನಿಗೆ ಹೇಳಿದ, "ಪರವಾಗಿಲ್ಲ, ಇವನಿಗೆ ಅಂದಾಜಿದೆ."

ಅವನ ಇಡೀ ಜೀವನದಲ್ಲಿ ಸಿಕ್ಕ ಸರ್ಟಿಫಿಕೇಟು ಅದೊಂದೇ.

ಈಗ ಅವನು ಓಡಿಸುವುದು ಆಸ್ಪತ್ರೆಯ ವ್ಯಾನು. ಮೂತ್ರಪಿಂಡ ಕೆಟ್ಟು, ವಾರಕ್ಕೆ ಮೂರು ದಿನ ಮಷಿನ್ನಿನಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕಾದ ಏಳು ಮಂದಿಯನ್ನು ಬೆಳಿಗ್ಗೆ ಮನೆಯಿಂದ ಎತ್ತಿಕೊಂಡು ಹೋಗಬೇಕು, ಮಧ್ಯಾಹ್ನ ಬಿಡಬೇಕು. ಒಬ್ಬೊಬ್ಬರಿಗೂ ಮಷಿನ್ನಿನ ಸಮಯ ನಿಗದಿಯಾಗಿರುತ್ತದೆ. ಒಬ್ಬರು ತಡವಾದರೆ ಏಳು ಮಂದಿಯೂ ತಡ. ಮೊದಲೆಲ್ಲ ಅವನೇ ಮೆಟ್ಟಿಲು ಹತ್ತಿ ಬಾಗಿಲು ಬಡಿದು, ಕೈ ಹಿಡಿದು ಇಳಿಸಿಕೊಂಡು ಬರುತ್ತಿದ್ದ. ಆಮೇಲೆ ಆಫೀಸಿನವರು ಒಂದು ಆ್ಯಪ್ ತಂದರು. ವ್ಯಾನು ಎಲ್ಲಿದೆ ಎಂದು ಮನೆಯವರ ಫೋನಿನಲ್ಲಿ ಒಂದು ನೀಲಿ ಚುಕ್ಕೆ ತೋರಿಸುತ್ತದೆ. ಚುಕ್ಕೆ ಬೀದಿಗೆ ಬಂದರೆ ಪೇಷಂಟು ಕೆಳಗಿಳಿದು ಗೇಟಿನ ಹತ್ತಿರ ನಿಲ್ಲಬೇಕು. ಒಳಗೆ ಪೇಷಂಟುಗಳಿರುವಾಗ ಡ್ರೈವರು ವ್ಯಾನು ಬಿಟ್ಟು ಇಳಿಯಕೂಡದು. ಗೇಟಿನಲ್ಲಿ ಮೂರು ನಿಮಿಷ ಕಾಯಬೇಕು, ಬರದಿದ್ದರೆ ಹೊರಡಬೇಕು. ಇದು ಕಾಗದದ ಮೇಲಿದ್ದ ನಿಯಮ.

ಒಂದು ಭಾನುವಾರ ಅವನು ಫೋನಿನ ಬಿರುಕು ಬಿಟ್ಟ ಗ್ಲಾಸು ಬದಲಾಯಿಸಲು ಭಾವಮೈದನ ಅಂಗಡಿಗೆ ಹೋದ. ಎರಡಾಳು ನಿಂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿ.

"ಭಾವ, ಐದು ತಿಂಗಳಿಂದ ಅಪ್‌ಡೇಟ್ ಹಾಗೇ ಬಿದ್ದಿದೆ. ಹಾಕಿಬಿಡ್ತೀನಿ."

"ಏನಾದ್ರೂ ಮಾಡು, ಬೇಗ ಮಾಡು," ಎಂದ ಇವನು. ಈ ಮಾತು ತಾನು ಆಡಿದ್ದೇ ಇಲ್ಲ ಎಂದು ಈಗ ಹೇಳುತ್ತಾನೆ.

ಸೋಮವಾರ ಬೆಳಿಗ್ಗೆ ವ್ಯಾನಿನಲ್ಲಿ ಕೂತು ಆ್ಯಪ್ ತೆಗೆದಾಗ ಅದು ಏನೋ ಕೇಳಿತು. ಎರಡು ಗುಂಡನೆಯ ಚಿತ್ರ, ಕೆಳಗೆ ಎರಡು ಪದ. ಒಂದನ್ನು ಓದಿದ, ಒತ್ತಿದ, ಹೊರಟ. ಅವತ್ತು ಇಬ್ಬರು ಗೇಟಿನಲ್ಲಿರಲಿಲ್ಲ, ಹಾರ್ನಿಗೆ ಓಡಿ ಬಂದರು. "ನೀವು ಇನ್ನೂ ಮಾರ್ಕೆಟ್ ಹತ್ತಿರ ಇದ್ದೀರಿ ಅಂತ ತೋರಿಸ್ತಿದೆಯಲ್ಲಪ್ಪ," ಎಂದರು. ಅವನು ಒಂದು ಸಲ ಕೂಗಿದ, ಅಷ್ಟಕ್ಕೇ ಬಿಟ್ಟ.

ಬುಧವಾರ ಟೀಚರಮ್ಮ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಹೆಂಗಸು ಅವರು. ಮೂರನೇ ಮಹಡಿಯಲ್ಲಿ ಮಗನ ಮನೆ, ಮಗ ಆರಕ್ಕೇ ಕೆಲಸಕ್ಕೆ ಹೋಗುತ್ತಾನೆ. ಸೋಮವಾರ ಮಗನಿಗೆ ರಜೆಯಿತ್ತು, ಹಾರ್ನು ಕೇಳಿ ಅವನೇ ಇಳಿಸಿ ತಂದಿದ್ದ. ಟೀಚರಮ್ಮನಿಗೆ ಕಿವಿ ಮಂದ. ಹಾರ್ನು ಕೇಳುವುದಿಲ್ಲ, ಫೋನಿನ ಗಂಟೆಯೂ ಕೇಳುವುದಿಲ್ಲ. ಚುಕ್ಕೆಯೊಂದನ್ನೇ ನಂಬಿ ಕಿಟಕಿಯಿಲ್ಲದ ಹಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಕೂತಿರುತ್ತಿದ್ದರು. ಅವನು ಹಾರ್ನು ಹೊಡೆದ. ಎರಡು ಸಲ ಫೋನು ಮಾಡಿದ. ಮೂರು ನಿಮಿಷ ಆರಾಯಿತು. ಹಿಂದಿನ ಸೀಟಿನಿಂದ ಒಬ್ಬರು, "ಹೊರಡಪ್ಪ, ನನ್ನ ಮಷಿನ್ನು ಬೇರೆಯವರಿಗೆ ಹೋಗುತ್ತೆ," ಎಂದರು. ಮೆಟ್ಟಿಲ ಕಡೆ ಒಮ್ಮೆ ನೋಡಿದ. ಹೊರಟುಬಿಟ್ಟ.

ಟೀಚರಮ್ಮ ಒಂಬತ್ತು ಗಂಟೆಯವರೆಗೆ ಹಾಗೇ ಕೂತಿದ್ದರಂತೆ. ಗುರುವಾರ ಅವರ ಕಾಲು ಊದಿ, ಉಸಿರು ಕಟ್ಟಿ, ಆಸ್ಪತ್ರೆಗೆ ಸೇರಿಸಬೇಕಾಯಿತು.

ಅವತ್ತೇ ಮ್ಯಾನೇಜರು ಕರೆಸಿದ. ಮೇಜಿನ ಮೇಲಿನ ಪರದೆಯನ್ನು ಅವನ ಕಡೆ ತಿರುಗಿಸಿದ.

"ನಿನ್ನೆ ಬೆಳಿಗ್ಗೆ ಏಳು ಹತ್ತಕ್ಕೆ ನೀನು ಎಲ್ಲಿದ್ದೆ?"

"ಟೀಚರಮ್ಮನ ಗೇಟಲ್ಲಿ."

"ಚುಕ್ಕೆ ನೋಡು. ಮಾರ್ಕೆಟ್ ಹಿಂದೆ. ಮುಕ್ಕಾಲು ಮೈಲಿ ದೂರ. ಟೀ ಕುಡಿಯೋಕೆ ಹೋಗಿದ್ಯಾ?"

"ಸಾರ್, ವ್ಯಾನಲ್ಲಿ ಆರು ಜನ ಇದ್ರು. ಅವರನ್ನೇ ಕೇಳಿ."

"ಒಬ್ಬರು ನೀನು ಗೇಟಲ್ಲಿ ನಿಂತಿದ್ದೆ ಅಂತಾರೆ, ಇನ್ನೊಬ್ಬರು ನಾನು ನಿದ್ದೆ ಮಾಡ್ತಿದ್ದೆ, ಗೊತ್ತಿಲ್ಲ ಅಂತಾರೆ. ಟೀಚರಮ್ಮನ ಮಗ ದೂರು ಬರೆದು ಕೊಟ್ಟಿದ್ದಾನೆ. ಮನುಷ್ಯರು ಮರೀತಾರೆ, ಚುಕ್ಕೆ ಮರೆಯಲ್ಲ. ಶನಿವಾರದೊಳಗೆ ಇದಕ್ಕೊಂದು ಸಮಜಾಯಿಷಿ ತಗೊಂಡು ಬಾ. ಇಲ್ಲಾಂದ್ರೆ ಕೀ ಇಟ್ಟು ಹೋಗು."

ಇಪ್ಪತ್ತಾರು ವರ್ಷ ಗಾಡಿ ಓಡಿಸಿದವನ ಬಾಯಿಮಾತಿಗಿಂತ ಸಾಸಿವೆ ಕಾಳಿನಷ್ಟು ಚುಕ್ಕೆ ದೊಡ್ಡದಾಯಿತು. ಅವನು ಅಲ್ಲಿ ಕೂಗಲಿಲ್ಲ. ಕೂಗನ್ನೆಲ್ಲ ಹಾಗೇ ಒಳಗಿಟ್ಟುಕೊಂಡು ಭಾವಮೈದನ ಅಂಗಡಿಗೆ ತಂದ.

ಭಾವಮೈದ ಎದ್ದು ನಿಂತು, ಕೂತಿದ್ದ ಸ್ಟೂಲನ್ನು ಕೊಟ್ಟ. ಫೋನು ಆರಿಸಿ ಹಚ್ಚಿದ. ಲೊಕೇಶನ್ ತೆಗೆದು ಮತ್ತೆ ಹಾಕಿದ. ಬ್ಯಾಟರಿ ಉಳಿಸುವ ಗುಂಡಿ ನೋಡಿದ. ಹಿಂದಿನ ಕವರು ಕಳಚಿದ. ಆಮೇಲೆ ಫೋನನ್ನು ಇವನ ಕೈಗೆ ಕೊಟ್ಟು, "ರಸ್ತೆಗೆ ಹೋಗಿ, ಗಾಳಿಯಲ್ಲಿ ಇಂಗ್ಲಿಷ್ ಎಂಟು ಬರೆದ ಹಾಗೆ ತಿರುಗಿಸಿ ಭಾವ. ಒಳಗಿನ ದಿಕ್ಸೂಚಿ ಸರಿಹೋಗುತ್ತೆ," ಎಂದ.

ನಲವತ್ತೊಂಬತ್ತು ವರ್ಷದ ಗಂಡಸು ನಡುರಸ್ತೆಯಲ್ಲಿ ನಿಂತು ಗಾಳಿಯಲ್ಲಿ ಎಂಟು ಬರೆದ. ಎದುರಿನ ಹಾರ್ಡ್‌ವೇರ್ ಅಂಗಡಿಯವನು, "ಯಾರಿಗೆ ದೃಷ್ಟಿ ತೆಗೀತಿದ್ದೀರಾ ಅಣ್ಣ?" ಎಂದ. ಚುಕ್ಕೆ ಮಾರ್ಕೆಟ್ಟಿನ ಹಿಂದೆಯೇ ಇತ್ತು.

"ಮ್ಯಾಪ್‌ನಲ್ಲಿ ಸರಿಯಾಗೇ ಬರ್ತಿದೆ. ನಿಮ್ಮ ಆಫೀಸಿನ ಆ್ಯಪಲ್ಲಿ ಮಾತ್ರ ತಪ್ಪು," ಎಂದ ಭಾವಮೈದ ತಲೆ ಕೆರೆದುಕೊಳ್ಳುತ್ತ. "ಭಾವ, ಆ್ಯಪ್ ತೆಗೆದಾಗ ಏನಾದ್ರೂ ಕೇಳ್ತಾ? ತಪ್ಪಾಗಿ ಏನಾದ್ರೂ ಒತ್ತಿದ್ರಾ?"

"ತಪ್ಪಾಗಿ ಒತ್ತೋಕೆ ನಾನೇನು ಮಗುನಾ?"

"ಹಾಗಲ್ಲ ಭಾವ."

"ಹಾಗೇ. ನಾಲ್ಕನೇ ಕ್ಲಾಸು ಅಂತ ತಾನೇ?"

ಭಾವಮೈದ ಫೋನನ್ನು ಮತ್ತೆ ಕೈಗೆ ತೆಗೆದುಕೊಂಡ. ಆ್ಯಪನ್ನು ತೆಗೆದುಹಾಕಿ ಹೊಸದಾಗಿ ಹಾಕಿದ. ಅಷ್ಟರಲ್ಲಿ ಗಿರಾಕಿಯೊಬ್ಬಳು ಚಾರ್ಜರು ಕೇಳಿದಳು, ಅವನು ಆ ಕಡೆ ತಿರುಗಿದ. ಫೋನು ಮತ್ತೆ ಅದೇ ಎರಡು ಗುಂಡನೆಯ ಚಿತ್ರ ತೋರಿಸಿತು. ನನ್ನ ಫೋನು, ನಾನೇ ಒತ್ತುತ್ತೇನೆ ಎಂದು ಇವನು ಅದೇ ಪದವನ್ನು ಒತ್ತಿದ. ಚುಕ್ಕೆ ಈ ಸಲ ರೈಲ್ವೆ ಗೇಟಿನಾಚೆ ಹೋಗಿ ಕೂತಿತು.

ಆಗ ಅವನು ಮೂರು ಸಲವೂ ಕೂಗಿದ. ಮೂರನೆಯದು ಬಾಯಿಂದ ಬರಬಾರದಿತ್ತು. ಅಪ್ಪ ಸತ್ತ ಮೇಲೆ ಹುಡುಗ ಆರು ವರ್ಷ ಇವರ ಮನೆಯಲ್ಲೇ ಬೆಳೆದಿದ್ದ. ಅದನ್ನು ಗಿರಾಕಿಗಳ ಮುಂದೆ ಎತ್ತಿದ.

"ನನ್ನ ಅನ್ನ ತಿಂದು ಬೆಳೆದವನು, ಈಗ ನನ್ನ ಅನ್ನಕ್ಕೇ ಕಲ್ಲು ಹಾಕಿದೆಯಲ್ಲೋ."

ಭಾವಮೈದನ ಕೈಯಲ್ಲಿದ್ದ ಚಿಕ್ಕ ಸ್ಕ್ರೂಡ್ರೈವರು ಮೇಜಿನ ಮೇಲೆ ಇಳಿಯಿತು. ಚಾರ್ಜರು ಕೇಳಿದವಳು ಚಾರ್ಜರು ತೆಗೆದುಕೊಳ್ಳದೆ ಹೋದಳು.

ಮರುದಿನ ಶುಕ್ರವಾರ. ಮ್ಯಾನೇಜರು ಇವನನ್ನು ಕರೆದು ಇನ್ನೊಂದು ಫೋನು ಕೊಟ್ಟ. "ನಿನ್ನ ಹೆಂಡತಿ ತಮ್ಮ ಬಂದಿದ್ದ. ಅಪ್‌ಡೇಟ್ ಹಾಕುವಾಗ ತಾನೇ ಏನೋ ತಪ್ಪು ಮಾಡಿದೆ ಅಂದ. ಭಾವ ಗೇಟಲ್ಲೇ ಇದ್ರು, ಅವರದ್ದೇನೂ ತಪ್ಪಿಲ್ಲ ಅಂತ ಬರೆದು ಕೊಟ್ಟಿದ್ದಾನೆ. ಇದು ಅವನದೇ ಫೋನು, ನಿಂದು ಸರಿಯಾಗೋತನಕ ಇದನ್ನ ಇಟ್ಕೋ." ಆ ಫೋನಿನಲ್ಲಿ ಚುಕ್ಕೆ ಆಫೀಸಿನ ಗೇಟಿನಲ್ಲೇ, ಇರಬೇಕಾದಲ್ಲೇ ಇತ್ತು. "ನೀನು ಬಚಾವಾದೆ. ಆದ್ರೆ ಇಂಥವನ ಕೈಗೆ ಆಫೀಸಿನ ಫೋನು ಕೊಡೋಕಾಗಲ್ಲ. ಇನ್ಮೇಲೆ ನಮ್ಮ ರಿಪೇರಿ ಬೇರೆ ಕಡೆ."

ಆಫೀಸಿನ ನಲವತ್ತು ಫೋನುಗಳ ರಿಪೇರಿಯೇ ಆ ಚಿಕ್ಕ ಅಂಗಡಿಯ ಬೆನ್ನೆಲುಬು. ಅದು ಕುಕ್ಕರ್ ಡ್ರೈವರನಿಗೆ ಗೊತ್ತಿತ್ತು. ಕೀ ತೆಗೆದುಕೊಂಡು ಹೊರಗೆ ಬಂದ. ತಪ್ಪು ಮಾಡಿದವನು ಒಪ್ಪಿಕೊಂಡ, ಸರಿ ತಾನೇ ಎಂದುಕೊಂಡ.

ಹತ್ತು ದಿನ ಬಿಟ್ಟು ಟೀಚರಮ್ಮ ಮತ್ತೆ ವ್ಯಾನು ಹತ್ತಿದರು. ಅವತ್ತು ಅವನು ನಿಯಮವನ್ನು ಮೂಲೆಗಿಟ್ಟು ಮೂರು ಮಹಡಿ ಹತ್ತಿ ಬಾಗಿಲಲ್ಲಿ ನಿಂತಿದ್ದ. ಮುಂದಿನ ಸೀಟಿನಲ್ಲಿ ಕೂರಿಸಿದ. ಅವರ ಮುಖ ಇಳಿದಿತ್ತು, ಕೈಗಳು ಹಗುರಾಗಿದ್ದವು.

"ನಿಮ್ಮನ್ನ ಬಿಟ್ಟು ಹೋದೆ ಟೀಚರಮ್ಮ," ಎಂದ ಜೋರಾಗಿ, ಅವರಿಗೆ ಕೇಳುವಂತೆ.

"ನೀನು ಬಂದಿದ್ದೆ ಅಂತ ಕೆಳಗಿನ ಮನೆಯವಳು ಹೇಳಿದಳು. ನಾನು ಚುಕ್ಕೆ ನೋಡ್ಕೊಂಡು ಕೂತಿದ್ದೆ. ಎಲ್ಲಿ, ಆ ಕೆಟ್ಟ ಫೋನು ತೋರಿಸು."

ಕನ್ನಡಕ ಏರಿಸಿಕೊಂಡು, ಶಾಲೆಯ ಕಾಪಿ ತಿದ್ದುವವರ ಹಾಗೆ ಒಂದೊಂದೇ ಸಾಲು ಓದುತ್ತ ಹೋದರು. ಆ್ಯಪಿನ ಹೆಸರು, ಅನುಮತಿ, ಸ್ಥಳ. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಅಂದಾಜು ಅಂತಿದೆ. ಯಾರು ಒತ್ತಿದ್ದು?"

"ನಾನೇ."

"ಇನ್ನೊಂದು ನಿಖರ ಅಂತ ಇತ್ತಲ್ಲ?"

"ಇತ್ತು. ಅದೇನೋ ಆಫೀಸಿನವರ ಮಾತು ಅನಿಸ್ತು. ಅಂದಾಜು ಒಳ್ಳೇದಲ್ವಾ ಟೀಚರಮ್ಮ? ಗಾಡಿ ಓಡಿಸೋದೇ ಅಂದಾಜಿನ ಮೇಲೆ. ಆ ಕಡೆ ಈ ಕಡೆ ನಾಲ್ಕು ಬೆರಳು ಜಾಗ ಇದ್ರೆ ಸಾಕು ನಂಗೆ."

ಟೀಚರಮ್ಮ ಅವನ ಮುಖ ನೋಡಿದರು. ನಗು ಬಂತು, ನಗಲಿಲ್ಲ. "ನಿನಗೆ ಅಂದಾಜು ಅಂದ್ರೆ ನಾಲ್ಕು ಬೆರಳು ಜಾಗ. ಈ ಫೋನಿಗೆ ಅಂದಾಜು ಅಂದ್ರೆ ಆ ಕಡೆ ಎಲ್ಲೋ, ಸುಮಾರಾಗಿ. ನಿಖರ ಅಂದ್ರೆ ಇಲ್ಲೇ, ಈ ಗೇಟಲ್ಲೇ. ಪರೀಕ್ಷೇಲಿ ಅಂದಾಜು ಉತ್ತರಕ್ಕೂ ನಾನು ಅರ್ಧ ಅಂಕ ಕೊಡ್ತಿದ್ದೆ. ಇದು ಕೊಡಲ್ಲ."

ಅವನ ಹೆಬ್ಬೆರಳು ಹಿಡಿದು ನಿಖರ ಎಂಬ ಪದದ ಮೇಲೆ ಇಟ್ಟರು. ಚುಕ್ಕೆ ಒಂದು ನಿಮಿಷ ತಡವರಿಸಿತು, ಆಮೇಲೆ ಹಾರಿ ಬಂದು ಟೀಚರಮ್ಮನ ಗೇಟಿನಲ್ಲಿ ನಿಂತಿತು. ಹಿಂದಿನ ಸೀಟಿನವರು ಹೊರಡಪ್ಪ ಎಂದರು. ಅವನಿಗೆ ಗೇರು ಸಿಗಲಿಲ್ಲ. ಎರಡು ಸಲ ಒತ್ತಿದ್ದೆ, ಎರಡು ಸಲವೂ ನಾನೇ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಆ ಸಂಜೆ ಭಾವಮೈದನ ಫೋನನ್ನು ವಾಪಸ್ ಕೊಡಲು ಅಂಗಡಿಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಅಂಗಡಿ ಖಾಲಿಯಿತ್ತು. ಆಫೀಸಿನ ಫೋನುಗಳನ್ನು ಜೋಡಿಸಿಡುತ್ತಿದ್ದ ಹಲಗೆಯ ಮೇಲೆ ಧೂಳು ಒರೆಸಿದ ಗುರುತಿತ್ತು.

"ಬನ್ನಿ ಭಾವ," ಎಂದು ಭಾವಮೈದ ಸ್ಟೂಲು ಬಿಟ್ಟು ಎದ್ದ.

"ತಗೋ ನಿನ್ನ ಫೋನು. ನಂದು ಸರಿಹೋಯ್ತು."

"ಹೌದಾ? ಹೇಗೆ ಸರಿಹೋಯ್ತು ಭಾವ? ಏನಾಗಿತ್ತು?" ಅವನು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ. ರಿಪೇರಿಯವನಿಗೆ ಆ ಆಸೆ ಇರುತ್ತದೆ.

ಜೋಡಿಸಿಕೊಂಡ ಮಾತು ಹೇಳಲು ಅವನು ಬಾಯಿ ತೆಗೆದ. ಎದುರಿನ ಹಾರ್ಡ್‌ವೇರ್ ಅಂಗಡಿಯವನು ಈ ಕಡೆ ನೋಡುತ್ತಿದ್ದ.

"ತಾನೇ ಸರಿಹೋಯ್ತು," ಎಂದ.

"ಒಳ್ಳೇದಾಯ್ತು ಬಿಡಿ. ನನ್ನಿಂದ ನಿಮಗೆ ತೊಂದರೆ ಆಯ್ತು," ಎಂದ ಭಾವಮೈದ.

ಎಂಟು ತಿಂಗಳಿಗೆ ಆ ಅಂಗಡಿ ಮುಚ್ಚಿತು. ಈಗ ಭಾವಮೈದ ಊರಿನ ಆ ತುದಿಯಲ್ಲಿ, ಬೇರೆಯವರ ದೊಡ್ಡ ಅಂಗಡಿಯೊಂದರ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಾನೆ. ಅಕ್ಕನನ್ನು ನೋಡಲು ತಿಂಗಳಿಗೊಮ್ಮೆ ಬರುತ್ತಾನೆ, ಊಟಕ್ಕೆ ನಿಲ್ಲುವುದಿಲ್ಲ. ಅಕ್ಕ ಬಡಿಸುತ್ತೇನೆ ಎಂದರೆ, "ಆಗಿದೆ ಅಕ್ಕ," ಎನ್ನುತ್ತಾನೆ. ಅನ್ನದ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಟೀಚರಮ್ಮ ಹೋದ ವರ್ಷ ತೀರಿಕೊಂಡರು. ಆ ಪದದ ವಿಷಯ ಗೊತ್ತಿದ್ದ ಇನ್ನೊಬ್ಬರೂ ಇಲ್ಲವಾದರು.

ಚಪ್ಪಲಿ ಹಾಕಿಕೊಳ್ಳುತ್ತ ಭಾವಮೈದ ಪ್ರತಿ ಸಲವೂ ಕೇಳುತ್ತಾನೆ.

"ಭಾವ, ಲೊಕೇಶನ್ ಈಗ ಸರಿಯಾಗಿ ಬರ್ತಿದೆಯಾ?"

ಒಳಗೆ ಹೊಲಿಗೆ ಮಷಿನ್ನಿನ ಸದ್ದು ನಿಲ್ಲುತ್ತದೆ.

"ಬರ್ತಿದೆ," ಎನ್ನುತ್ತಾನೆ ಕುಕ್ಕರ್ ಡ್ರೈವರು. ಭಾವಮೈದ ಗೇಟು ತೆಗೆದು ಹೋಗುತ್ತಾನೆ.