ಅಂಗಡಿ ಮುಚ್ಚಿ ಕಾಡಿಗೆ ಬಂದ ವನಜಕ್ಕ

ಬೆಳಗ್ಗೆ ಆರೂವರೆ. ಬೈಂದೂರಿನಿಂದ ಪೂರ್ವಕ್ಕೆ, ಘಟ್ಟದ ಬುಡದಲ್ಲಿರುವ ಅಭಯಾರಣ್ಯದ ಗೇಟು ತೆರೆಯಲು ಇನ್ನೂ ಎರಡು ಗಂಟೆಯಿದೆ. ವನಜಕ್ಕ ಆಗಲೇ ಜಲಪಾತದ ದಾರಿಯಲ್ಲಿದ್ದಾರೆ. ಬೆನ್ನಿಗೆ ಗೋಣಿಚೀಲ, ಕೈಯಲ್ಲಿ ತುದಿಗೆ ಮೊಳೆ ಬಡಿದ ಕೋಲು. ನಿನ್ನೆ ಭಾನುವಾರ. ಕುಂದಾಪುರ, ಬ್ರಹ್ಮಾವರದ ಕಡೆಯಿಂದ ಬಂದವರು ಬಿಟ್ಟುಹೋದ ಚಿಪ್ಸ್ ಪ್ಯಾಕೆಟ್, ನೀರಿನ ಬಾಟಲಿ, ಮಗುವಿನ ಡೈಪರ್. ಬಾಗುತ್ತಾರೆ, ಎತ್ತುತ್ತಾರೆ, ಮತ್ತೆ ಬಾಗುತ್ತಾರೆ.

ವಯಸ್ಸು ಐವತ್ತಾರು. ಕಿರಿಮಂಜೇಶ್ವರದಿಂದ ಈ ಊರಿಗೆ ಮದುವೆಯಾಗಿ ಬಂದವರು. ಮುಂಬೈಯ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಗಂಡ ಅಣ್ಣಯ್ಯ ಬೆನ್ನುನೋವಿನಿಂದ ಊರಿಗೆ ಮರಳಿದ ಮೇಲೆ ಮನೆ ನಡೆದದ್ದು ಗೇಟಿನೆದುರು ವನಜಕ್ಕ ಇಟ್ಟ ಗೂಡಂಗಡಿಯಿಂದ. ಸೌತೆಕಾಯಿ, ಅನಾನಸು ಹೆಚ್ಚಿ ಮಾರುತ್ತಿದ್ದರು. ಜೊತೆಗೊಂದು ಉಪ್ಪು-ಮೆಣಸಿನಪುಡಿಯ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ. ಅದರ ಬಾಯಿಗೆ ಹಳದಿ ನೂಲು. ದಿನಕ್ಕೆ ನೂರಾದರೂ ಕಟ್ಟುತ್ತಿದ್ದರಂತೆ. ಹತ್ತು ವರ್ಷ.

ಆರು ವರ್ಷದ ಹಿಂದಿನ ಬೇಸಿಗೆಯಲ್ಲಿ ಒಂದು ಹೆಣ್ಣು ಕಡವೆ ಗೇಟಿನ ಹಿಂದೆ ನೀರು ಬತ್ತಿದ ತೋಡಿನಲ್ಲಿ ಬಿದ್ದಿತ್ತು. ಹೊಟ್ಟೆ ಉಬ್ಬಿ, ಏಳಲಾಗುತ್ತಿರಲಿಲ್ಲ. ಅರಣ್ಯ ರಕ್ಷಕ ರವಿರಾಜ್ ಪಶುವೈದ್ಯರನ್ನು ಕರೆತರಲು ಹೋದಾಗ, ನಾಯಿಗಳು ಬಾರದಂತೆ ಕಾದು ಕೂತವರು ವನಜಕ್ಕ. ವೈದ್ಯರು ಬರುವಷ್ಟರಲ್ಲಿ ಅದು ಸತ್ತಿತ್ತು.

ಅಲ್ಲೇ ಹೊಟ್ಟೆ ಕೊಯ್ದರು. ಮುದ್ದೆಗಟ್ಟಿದ ಪ್ಲಾಸ್ಟಿಕ್ ಹೊರಬಂತು. ಅದರ ನಡುವೆ ಹಳದಿ ನೂಲು.

"ಹದ್ನೇಳ್ ಇತ್ತ್. ನಾನೇ ಎಣ್ಸಿದೆ," ಎನ್ನುತ್ತಾರೆ. "ಹಳ್ದಿ ನೂಲ್ ಕಟ್ಟುದ್ ಇಲ್ಲಿ ನಾನೊಬ್ಳೇ. ಉಪ್ಪಿನ ಆಸಿಗೆ ತಿಂದದ್ ಕಾಣಿ."

ಬೇರೆಯವರ ಕಸವೂ ಇದೆಯಲ್ಲ ಎಂದು ರವಿರಾಜ್ ಸಮಾಧಾನ ಹೇಳಿದರು. ಕಾಗದದಲ್ಲಿ ಕಟ್ಟಿ ಕೊಡು, ಅಂಗಡಿ ಮಾತ್ರ ಮುಚ್ಚಬೇಡ ಎಂದು ಗಂಡ ಬೇಡಿಕೊಂಡರು. ಆದರೆ ಚಾಕು ಹಿಡಿಯಲು ವನಜಕ್ಕನಿಗೆ ಕೈ ಬರಲಿಲ್ಲ. ಅಣ್ಣಯ್ಯ ಒಂದು ತಿಂಗಳು ಮಾತು ಬಿಟ್ಟರು. ಮಗಳು ವಿನಯಾ ಕಾಲೇಜು ಬಿಟ್ಟು ಕುಂದಾಪುರದ ಬಟ್ಟೆ ಅಂಗಡಿಗೆ ಸೇರಿದಳು.

"ನನ್ ತಪ್ಪಿಗೆ ಮಗಳ್ ಓದ್ ಹೋಯ್ತ್," ಎಂದು ವನಜಕ್ಕ ಕೋಲನ್ನು ಮರಕ್ಕೆ ಒರಗಿಸುತ್ತಾರೆ. "ಅವ್ಳ್ ಒಂದ್ ಮಾತೂ ಹೇಳ್ಲಿಲ್ಲೆ. ಬೈದಿದ್ರೆ ಒಳ್ಳೇದಿತ್ತ್."

ಮೊದಲ ಎರಡು ವರ್ಷ ಯಾರೂ ಹೇಳದೆ, ಸಂಬಳವಿಲ್ಲದೆ ಕಸ ಹೆಕ್ಕಿದರು. ಆಮೇಲೆ ಅರಣ್ಯ ಇಲಾಖೆಯವರು ದಿನಗೂಲಿಗೆ ತೆಗೆದುಕೊಂಡರು. ಹೋಗಿಬರುವುದು ನಾಲ್ಕು ಕಿಲೋಮೀಟರ್. ದಿನಕ್ಕೆ ಎರಡು ಚೀಲ, ಸೋಮವಾರ ಆರು. ಬಿಸಾಡಬೇಡಿ ಎಂದರೆ ಕೆಲವರು ಮೊಬೈಲ್ ಎತ್ತಿ ಇವರದ್ದೇ ವಿಡಿಯೊ ಮಾಡಿ ನಗುತ್ತಾರೆ. ಅಂಗಡಿಯಿದ್ದ ಜಾಗದಲ್ಲಿ ಈಗ ಜಲಜ ಎಂಬವರು ಹಣ್ಣು ಮಾರುತ್ತಾರೆ, ಪ್ಲಾಸ್ಟಿಕ್ಕಿನಲ್ಲೇ. ವನಜಕ್ಕ ಎರಡು ಸಲ ಹೇಳಿ ನೋಡಿದ್ದಾರೆ. ಜೋರು ಮಾಡಲು ಬಾಯಿ ಬರುವುದಿಲ್ಲ. ಜಲಜಳಿಗೂ ಸಣ್ಣ ಮಕ್ಕಳಿದ್ದಾರೆ.

ಒಂಬತ್ತಾಗುವಾಗ ಕಾರುಗಳು ಸಾಲುಗಟ್ಟುತ್ತವೆ. ಕಸ ಹೆಕ್ಕಿದ ದಾರಿಯಲ್ಲಿ ಹೊಸ ಜನ ಹತ್ತುತ್ತಾರೆ. ಒಂದು ಪ್ರಾಣಿಯೂ ಕಾಣಲಿಲ್ಲವೆಂದು ಇಳಿದು ಬರುವವರು ಗೊಣಗುತ್ತಾರೆ.

ಹೊರಡುವ ಮುನ್ನ, ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ವನಜಕ್ಕ ತುಂಬಿದ ಚೀಲದ ಬಾಯಿ ಕಟ್ಟುತ್ತಾರೆ.

"ನನ್ ಹೆಸ್ರ್ ಬೇಕಾರೆ ಹಾಕಿ," ಎನ್ನುತ್ತಾರೆ. "ಈ ಜಲಪಾತದ್ ಹೆಸ್ರ್ ಮಾತ್ರ ಹಾಕ್ಬೇಡಿ. ಓದ್ಕಂಡ್ ಮತ್ತಷ್ಟ್ ಜನ ಬತ್ರ್."