ಸೊಂಟ ಸುತ್ತುವ ಹಾಸು

ನನ್ನ ದೊಡ್ಡಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಬೆನ್ನುಪಟ್ಟಿ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಬಟ್ಟೆ ಕತ್ತರಿಸಿದವಳ ಕೋಪ ಅದು.

ಚಿಕ್ಕಂದಿನಿಂದ ನನ್ನ ಬೆನ್ನು ಬಲಕ್ಕೆ ವಾಲುತ್ತದೆ. ಎದೆಯ ಕೆಳಗಿನಿಂದ ಸೊಂಟದವರೆಗೆ ಬಿಗಿಯುವ ಪಟ್ಟಿಯಿಲ್ಲದೆ ನೆಟ್ಟಗೆ ಕೂರಲಾರೆ. ಅದರ ಬಟ್ಟೆ ಮೀನಿನ ಮುಳ್ಳಿನಂತೆ ಗೆರೆ ಮೂಡಿದ, ಸೂಜಿಯೂ ಗೊಣಗುವಷ್ಟು ಒತ್ತಾದ ಹತ್ತಿ ನೇಯ್ಗೆ. ಎರಡು ಪದರದ ನಡುವೆ ಉಕ್ಕಿನ ಕಡ್ಡಿಗಳು. ಕಡ್ಡಿ ಎಷ್ಟೇ ಗಟ್ಟಿಯಿರಲಿ, ಬಟ್ಟೆ ಜಗ್ಗಿದರೆ ಎಲ್ಲ ದಂಡ. ಉದ್ದಕ್ಕೆ ಓಡುವ ನೂಲು, ಅಂದರೆ ಹಾಸು, ಜಗ್ಗುವುದಿಲ್ಲ; ಅಡ್ಡದ ಹೊಕ್ಕು ದಿನ ಕಳೆದಂತೆ ಸಡಿಲವಾಗುತ್ತದೆ. ಅದಕ್ಕೇ ಹಾಸು ಸೊಂಟವನ್ನು ಸುತ್ತುವಂತೆ ಕತ್ತರಿಸಬೇಕು. ಅದೇ ಕಾರ್ಖಾನೆಯಲ್ಲಿ ಪಕ್ಕದ ಮೇಜಿನಲ್ಲಿದ್ದ ನನ್ನ ಅಮ್ಮನಿಗೂ ಇದನ್ನು ಕೈಹಿಡಿದು ಕಲಿಸಿದವಳು ದೊಡ್ಡಮ್ಮನೇ.

ಕಾರ್ಖಾನೆಯ ಹಳೇ ಯಜಮಾನರು ತೀರಿಕೊಂಡ ಮೇಲೆ ಅವರ ಅಳಿಯ ಬಂದ. ನೆಟ್ಟಗೆ ಕತ್ತರಿ ಹಿಡಿಯಲು ಬಾರದ ಈ ಮಹಾಶಯ, ಬಟ್ಟೆಯನ್ನು ತಿರುಗಿಸಿ, ಹೊಕ್ಕು ಸೊಂಟ ಸುತ್ತುವಂತೆ ಕತ್ತರಿಸಿದರೆ ಥಾನಿಗೆ ಆರು ಪಟ್ಟಿ ಹೆಚ್ಚು ಬರುತ್ತವೆಂದು ಕಂಡುಹಿಡಿದ. ದೊಡ್ಡಮ್ಮ ಸುತಾರಾಂ ಒಪ್ಪಲಿಲ್ಲ.

“ಯಾರಿಗಮ್ಮಾ ಗೊತ್ತಾಗುತ್ತೆ?” ಎಂದ.

“ಹಾಕ್ಕೊಂಡೋರ ಬೆನ್ನಿಗೆ ಗೊತ್ತಾಗುತ್ತೆ,” ಎಂದಳು.

ಅವತ್ತೇ ಅವಳನ್ನು ಮನೆಗೆ ಕಳಿಸಿದ. ಮೂವತ್ತು ಜನ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು, ಅವರಲ್ಲಿ ಅಮ್ಮನೂ ಒಬ್ಬಳು. ಮರುದಿನ ಅಕ್ಕನ ಮೇಜು, ಅಕ್ಕನ ಕತ್ತರಿ ತಂಗಿಯ ಪಾಲಾದವು. ಮನೆ ನಡೆಯಬೇಕಲ್ಲ ಎಂದು ಅಮ್ಮ ಹೇಳಿದ್ದು ನಿಜ, ಮನೆ ನಡೆಯಿತು ಕೂಡ. ಆದರೂ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಆರು ತಿಂಗಳಲ್ಲಿ ನಾನು ಬೆಳೆದು ಹಳೇ ಪಟ್ಟಿ ಸಾಲದಾಯಿತು. ಅಮ್ಮ ಅಲ್ಲಿಂದಲೇ ಹೊಸದು ತಂದಳು. ಎರಡೇ ವಾರಕ್ಕೆ ಅದು ಹೊಟ್ಟೆಯ ಬಳಿ ಉಬ್ಬಿ, ಕಡ್ಡಿ ಪಕ್ಕೆಗೆ ಒತ್ತಿ, ನಾನು ಮತ್ತೆ ಬಲಕ್ಕೆ ವಾಲಿದೆ. ಉಸಿರೆಳೆದರೆ ನೋವು. ಮನೆಗೆ ಬಂದ ದೊಡ್ಡಮ್ಮ ನನ್ನನ್ನು ನೋಡಿದವಳೇ ಪಟ್ಟಿ ಬಿಚ್ಚಿಸಿದಳು. ಅದನ್ನು ಮೊಣಕಾಲಿಗೆ ಸುತ್ತಿ ಎರಡೂ ಕೈಯಲ್ಲಿ ಎಳೆದಳು. ಬಟ್ಟೆ ಎರಡು ಬೆರಳಷ್ಟು ಹಿಗ್ಗಿತು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಇವಳದೊಂದನ್ನಾದರೂ ಸರಿಯಾಗಿ ಕತ್ತರಿಸೋಣ ಅಂದ್ಕೊಂಡೆ ಅಕ್ಕಾ. ಅವನು ಅಲ್ಲೇ ನೋಡ್ತಾ ನಿಂತಿದ್ದ.”

ದೊಡ್ಡಮ್ಮ ಕೂಗಾಡುತ್ತಾಳೆಂದು ನಾನು ಕಾದೆ. ಅವಳು ಪಟ್ಟಿಯನ್ನು ಮಡಚಿ ಅಮ್ಮನ ಕೈಗಿಟ್ಟಳು.

“ಇವಳಿಗೆ ನಾನು ಹೊಲಿದುಕೊಡ್ತೀನಿ. ಈ ಪಟ್ಟಿ ಹಾಕ್ಕೊಳ್ಳೋ ಮಿಕ್ಕ ಮಕ್ಕಳಿಗೆ ಯಾರೇ ಹೊಲೀತಾರೆ?”

ಅಮ್ಮ ಮರುದಿನ ಬೆಳಿಗ್ಗೆ ಎಂದಿನಂತೆ ಊಟದ ಡಬ್ಬಿ ಹಿಡಿದು ಅದೇ ಮೇಜಿಗೆ ಕೆಲಸಕ್ಕೆ ಹೋದಳು.