ವೇಣೂಬಾಯಿಯನ್ನು ಬಿಟ್ಟು ಕಾಗೆಯನ್ನು ಕೇಳಿದರು

ನಂದಾಳ ಮಾನಧನ, ಅಂದರೆ ತಿಂಗಳ ಪಗಾರ, ಬಾಕಿ ಇದೆ. ಮಳೆಗಾಲದ ಮೊದಲಿಗೆ ನಿಲ್ಲಿಸಿದ್ದನ್ನು ದೀಪಾವಳಿ ಹತ್ತಿರ ಬಂದರೂ ಕೊಟ್ಟಿಲ್ಲ. ಕೊಡಬೇಕಾದವರು ಬಡವರಲ್ಲ. ಸಾಯುವವರ ಸೇವೆಗೆಂದು ಸೊಲ್ಲಾಪುರದಲ್ಲಿ ಟ್ರಸ್ಟು ಕಟ್ಟಿಕೊಂಡು, ಗೇಟಿನ ಮೇಲೆ ತಮ್ಮ ತಮ್ಮ ಅಪ್ಪಂದಿರ ಹೆಸರು ಕೆತ್ತಿಸಿ, ವರ್ಷಕ್ಕೊಮ್ಮೆ ಶಾಲು ಹೊದ್ದು ಫೋಟೊ ತೆಗೆಸಿಕೊಳ್ಳುವ ದೊಡ್ಡ ಮನುಷ್ಯರು. ನಂದಾ ಕದ್ದಿಲ್ಲ, ಕೆಲಸ ತಪ್ಪಿಸಿಲ್ಲ. ಸತ್ತ ಹೆಂಗಸೊಬ್ಬಳು ಹೇಳಿಹೋದ ಮಾತನ್ನು ನಾಲ್ಕು ಜನರ ಮುಂದೆ ಹೇಳಿದಳು. ಅದಕ್ಕೇ ಈ ಶಿಕ್ಷೆ.

ನಂದಾ ವಳಸಂಗದವಳು. ಅಪ್ಪ ಅಣ್ಣಾರಾಯನಿಗೆ ಜೋಳ, ತೊಗರಿ ಬೆಳೆಯುವ ಹೊಲ. ಮಗಳು ದಿನಾ ಎಸ್‌ಟಿ ಬಸ್ಸಿನಲ್ಲಿ ನೇತಾಡುತ್ತ ಸೊಲ್ಲಾಪುರಕ್ಕೆ ಹೋಗಿ ಸಮಾಜಕಾರ್ಯದ ಡಿಗ್ರಿ ತೆಗೆದುಕೊಂಡು, ಊರ ಹೊರಗಿನ ಹಾಸ್ಪಿಸಿಗೆ ಸೇರಿದಳು. ಇನ್ನು ವಾಸಿಯಾಗುವುದಿಲ್ಲ ಎಂದು ದೊಡ್ಡ ದವಾಖಾನೆಗಳು ಕೈತೊಳೆದುಕೊಂಡ ರೋಗಿಗಳನ್ನು ತಂದು ಮಲಗಿಸುವ ಜಾಗ ಅದು. ಅಲ್ಲಿ ಡಾಕ್ಟರು ನೋವು ಕಡಿಮೆ ಮಾಡುತ್ತಾರೆ, ಅಷ್ಟೆ. ನಂದಾಳ ಕೆಲಸ ಮನೆಯವರ ಜೊತೆ. ಸಾವಿನ ಮುಂಚೆ ಅವರನ್ನು ಕೂಡಿಸಿಕೊಂಡು ಮಾತಾಡುವುದು, ಸಾವಿನ ನಂತರ ಅವರ ಮನೆಗೇ ಹೋಗಿ ಕೂಡುವುದು. ಟ್ರಸ್ಟಿನ ಬ್ಯಾನರಿನ ಮೇಲೆ ಆಕೆ ‘ಶೋಕ ಸಮುಪದೇಶಕಿ’. ಜನರ ಬಾಯಲ್ಲಿ ‘ಅಳು ಮ್ಯಾಡಮ್’.

ಆಕೆಯ ತಾಯಿ ಕಸ್ತೂರಬಾಯಿಗೆ ಈ ನೌಕರಿಯೇ ಒಂದು ತಮಾಷೆ.

“ಅಳಾಕ ಡಿಗ್ರಿ ಯಾಕ ಬೇಕ? ನಮ್ಮ ಓಣ್ಯಾಗ ಹೆಣದ ಮುಂದ ಹಾಡಿಕೋತ ಅಳೂ ಮುದುಕ್ಯಾರು ಒಂದ ಕಪ್ಪ ಚಾಕ್ಕ ಬರತಾರ.”

“ಅವರು ಹೆಣಾ ಆದಮ್ಯಾಲ ಮಾತಾಡಸ್ತಾರ, ಯವ್ವಾ. ನಾ ಮೊದಲ ಮಾತಾಡಸ್ತೀನಿ.”

“ಮೊದಲ ಮಾತಾಡಿಸಿದರ ಯಾರ ಕೇಳತಾರ ನಿಂದು?”

ಕಸ್ತೂರಬಾಯಿ ಹೇಳಿದ್ದು ಸುಳ್ಳೇನಲ್ಲ. ಯಾರೂ ಕೇಳುವುದಿಲ್ಲ. ಆ ಹಾಸ್ಪಿಸಿನ ಮೊಗಸಾಲೆಯಲ್ಲಿ ಒಂದು ದಿನ ಕುಳಿತರೆ ಸಾಕು, ನಮ್ಮ ಮರ್ಯಾದಸ್ಥರ ಮನೆತನಗಳ ಹಣೆಬರಹ ಗೊತ್ತಾಗುತ್ತದೆ. ಎಳನೀರು ಹಿಡಿದು ಬರುತ್ತಾರೆ. ಎರಡು ಗುಟುಕೂ ಇಳಿಯದ ಗಂಟಲಿನ ಮುಂದೆ ಅದನ್ನಿಟ್ಟು, “ಮುಂದಿನ ಪಂಚಮಿಗೆ ನೀವ ಜೋಕಾಲಿ ಆಡತೀರಿ ನೋಡ್ರಿ” ಎನ್ನುತ್ತಾರೆ. ಹೊರಗೆ ಬಂದು ಹೊಲದ ರೇಟು ಮಾತಾಡುತ್ತಾರೆ. ಮತ್ತು ಪ್ರತಿಯೊಂದು ಮನೆಯವರೂ, ಹೊಸದೇನೋ ಕಂಡುಹಿಡಿದವರ ಹಾಗೆ, ನಂದಾಳನ್ನು ಗೋಡೆಯ ಬದಿಗೆ ಕರೆದು ಪಿಸುಗುಡುತ್ತಾರೆ: ರೋಗಿಗೆ ರೋಗ ಗೊತ್ತಾಗಬಾರದು.

ಅಕ್ಕಲಕೋಟದ ಪಂಢರಿನಾಥರಾಯರೂ ಹಾಗೇ ಪಿಸುಗುಟ್ಟಿದವರು. ತಹಶೀಲ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿ, ಜೀವನವಿಡೀ ರೈತರನ್ನು ಟೇಬಲ್ಲಿನ ಆಚೆ ನಿಲ್ಲಿಸಿ, ‘ನಾಳೆ ಬಾ’ ಎಂದು ಹೇಳಿ ಪೆನ್ಷನ್ ಗಳಿಸಿದ ಮನುಷ್ಯ. ಹೆಂಡತಿ ವೇಣೂಬಾಯಿಗೆ ಪಿತ್ತಕೋಶದ ಕ್ಯಾನ್ಸರು, ಕೈಮೀರಿ ಹೋಗಿತ್ತು.

“ನೋಡ್ರಿ ಮ್ಯಾಡಮ್, ಆಕೀಗೆ ಗ್ಯಾಸ್ ಆಗ್ಯದ ಅಂತ ಹೇಳೀವಿ. ನೀವೂ ಗ್ಯಾಸ್ ಅಂತನ ಹೇಳ್ರಿ. ಆಕೀ ಮನಸು ಭಾಳ ನಾಜೂಕ.”

“ಅವರಿಗೆ ಏನರ ಹೇಳೂದು, ಕೇಳೂದು ಇದ್ದರ, ರಾಯರ?”

“ಆಕೀದೇನು ಕೇಳೂದಿರತದ? ಲಗ್ನ ಆದಾಗಿಂದ ನಾ ಹೇಳಿದ್ದು ಆಕೀ ಕೇಳ್ಕೋತ ಬಂದಾಳ.”

ಆ ನಾಜೂಕು ಮನಸ್ಸಿನ ಹೆಂಗಸು ನಂದಾಳನ್ನು ಮೊದಲ ದಿನವೇ ಮೇಲಿನಿಂದ ಕೆಳಗೆ ನೋಡಿ ಕೇಳಿದಳು:

“ಏನವಾ, ಗ್ಯಾಸಿನ ಡಾಕ್ಟರೇನ ನೀ?”

“ಅಲ್ರಿ ಕಾಕು. ನಿಮ್ಮನ್ನ ಮಾತಾಡಸಾಕ ಬಂದೀನಿ.”

“ಗ್ಯಾಸ್ ಆದವರನ್ನ ಮಾತಾಡಸಲಿಕ್ಕೆ ಪಗಾರ ಕೊಟ್ಟು ಯಾರೂ ಮಂದೀನ ಇಟಗೊಳ್ಳೂದಿಲ್ಲ. ಬಾಗಲಾ ಮುಂದ ಮಾಡಿ ಕೂಡು.”

ನಂದಾ ಬಾಗಿಲು ಮುಚ್ಚಿ ಕುಳಿತಳು.

“ನನಗ ಗೊತ್ತದ. ಸೋನೋಗ್ರಾಫಿ ತೆಗದವನ ಮಾರಿ ನೋಡೇ ತಿಳಕೊಂಡೀನಿ. ಇವರಿಗೆ ಹೇಳಬ್ಯಾಡ ಮತ್ತ. ನನಗ ಗೊತ್ತದ ಅಂತ ಗೊತ್ತಾದರ ಇಲ್ಲೇ ಬಂದು ಅಳಕೋತ ಕೂತು ನನ್ನ ಕಡಿಂದನ ಸಮಾಧಾನ ಹೇಳಿಸ್ಕೋತಾರ. ಅಷ್ಟು ತಾಕತ್ತಿಲ್ಲ ನನಗ.”

ಮನೆಯವರು ಆಕೆಯಿಂದ ಮುಚ್ಚಿಟ್ಟರು, ಆಕೆ ಮನೆಯವರಿಂದ ಮುಚ್ಚಿಟ್ಟಳು. ನಡುವೆ ಎಲ್ಲರಿಗೂ ಅನ್ನ ಬೇಯಿಸಿ ಹಾಕುತ್ತಿದ್ದವಳು ಸೊಸೆ ಭಕ್ತಿ. ಭಕ್ತಿ ಸೊಲ್ಲಾಪುರದ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಳು. ಅತ್ತೆ ಹಾಸಿಗೆ ಹಿಡಿದಾಗ ಪಗಾರವಿಲ್ಲದ ರಜೆ ಹಾಕಿ ಬಂದವಳು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಜೂನಿನಲ್ಲಿ ಶಾಲೆ ತೆರೆದ ದಿನ ಹಾಜರಾಗದಿದ್ದರೆ ಜಾಗ ಬೇರೆಯವರಿಗೆ ಹೋಗುತ್ತದೆ ಎಂದು ಹೆಡ್‌ಮಾಸ್ತರು ಸ್ಪಷ್ಟವಾಗಿ ಹೇಳಿದ್ದರು. ಇತ್ತ ಗಂಡ ಪರಾಗ, ಪತ್ತಿನ ಸಂಘದ ಗುಮಾಸ್ತ, ವಾರ್ಡಿನ ಬಾಗಿಲಲ್ಲಿ ನಿಂತು ಅಷ್ಟೇ ಸ್ಪಷ್ಟವಾಗಿ ಹೇಳುತ್ತಿದ್ದ: ಅಪ್ಪನಿಗೆ ಮಾಡಿಹಾಕುವವರು ಯಾರು, ನೌಕರಿ ಬಿಟ್ಟುಬಿಡು.

ಇದು ವೇಣೂಬಾಯಿಗೆ ಹಾಸಿಗೆಯಿಂದಲೇ ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ನಂದಾಳ ಕೈ ಹಿಡಿದುಕೊಂಡು ಹೇಳಿದಳು:

“ಭಕ್ತಿ ಸಾಲಿಗೆ ಹೋಗಬೇಕು. ನನ್ನ ಆಸೆ ಅಂತ ಏನರ ಇದ್ದರ ಇದೊಂದ. ಇವರಿಗೆ ಖಾನಾವಳಿ ಡಬ್ಬಿ ಹಚ್ಚಲಿ. ಇವರಿಗೆ ಚಾ ಮಾಡಲಿಕ್ಕೂ ಬರತದ. ಬರೂದಿಲ್ಲಂತ ಇಷ್ಟು ವರ್ಷ ನಾಟಕಾ ಮಾಡ್ಯಾರ. ನಾ ತವರಮನಿಗೆ ಹೋದಾಗ ತಾವ ಮಾಡಕೊಂಡು ಕುಡದು, ಕಪ್ಪ ಬಸ್ಸಿ ತೊಳದಿಡತಿದ್ದರು. ಒರಸಲಿಕ್ಕೆ ಮರೀತಿದ್ದರು.”

“ನೀವ ಹೇಳ್ರಿ ಕಾಕು. ಎಲ್ಲಾರನೂ ಕರಸ್ತೀನಿ.”

“ನಾ ಬಾಯಿ ತಗದರ ‘ನಿನಗೇನೂ ಆಗೂದಿಲ್ಲ, ಸುಮ್ಮನ ಮಲಕೋ’ ಅಂತಾರ. ಎರಡ ಸಲ ನೋಡೀನಿ. ನಾ ಹೋದಮ್ಯಾಲ ನೀ ಹೇಳು. ನಾಲ್ಕು ಮಂದಿ ಮುಂದ ಹೇಳು, ಮನ್ಯಾಗ ಹೇಳಿದರ ಗ್ವಾಡಿಗೆ ಹೇಳಿದಂಗ.”

ನಂದಾ ಅಷ್ಟಕ್ಕೇ ಬಿಡಲಿಲ್ಲ. ಪರಾಗನನ್ನು ಕರೆದು, ತಾಯಿ ಮಾತಾಡುವ ಸ್ಥಿತಿಯಲ್ಲಿದ್ದಾರೆ, ಮನಸ್ಸಿನಲ್ಲಿ ಏನಿದೆ ಎಂದು ಒಮ್ಮೆ ಕೇಳಿ ಎಂದಳು. ಆತ ಆಕೆಗೇ ಬುದ್ಧಿ ಹೇಳಿದ.

“ಏನ ಮಾತಾಡ್ತೀರಿ ಮ್ಯಾಡಮ್! ಕೊನೀ ಆಸೆ ಏನಂತ ಕೇಳಿದರ ಅವ್ವಗ ತಾ ಸಾಯ್ತೀನಿ ಅಂತ ಗೊತ್ತಾಗೂದಿಲ್ಲೇನು?”

ಓದಿದವನು, ಟೈ ಕಟ್ಟುವವನು. ಈ ಜಾಣತನಕ್ಕೆ ಏನೆನ್ನಬೇಕು? ಸುಳ್ಳು ಹೇಳಿದ್ದಕ್ಕೆ ಕೇಳುವ ಹಾಗಿಲ್ಲ, ಕೇಳದೇ ಇದ್ದದ್ದಕ್ಕೆ ಆಕೆ ಹೇಳುವ ಹಾಗಿಲ್ಲ. ಹೀಗೆ ವೇಣೂಬಾಯಿ ಒಂದು ಬೆಳಗ್ಗೆ ಗ್ಯಾಸಿನಿಂದಲೇ ಸತ್ತಳು.

ಮೂರನೆಯ ದಿನ ನಂದಾ ಅಕ್ಕಲಕೋಟಕ್ಕೆ ಹೋದಳು. ಪಂಢರಿನಾಥರಾಯರು ಆರಾಮಕುರ್ಚಿಯಲ್ಲಿದ್ದರು. ಆಕೆ ವಿಷಯ ತೆಗೆಯುತ್ತಿದ್ದಂತೆ, “ಮನೀ ವಿಷಯ ಮನ್ಯಾಗ ಇರಲಿ ಬಾಯಿ. ಭಕ್ತೀ, ಇವರಿಗೆ ಚಾ ಕೊಡು” ಎಂದರು. ಸಂಜೆಗೆ ಟ್ರಸ್ಟಿನ ಕಾರ್ಯದರ್ಶಿ ಲಕ್ಷ್ಮೀಕಾಂತರಾವ್ ಫೋನು ಮಾಡಿದ. ರಾಯರ ಮನೆಯವರು ವೇಣೂಬಾಯಿ ಹೆಸರಿನಲ್ಲಿ ವಾರ್ಡಿಗೆ ಎಸಿ ಕೊಡಿಸುವವರಿದ್ದಾರೆ, ನೀನು ನಡುವೆ ಮೂಗು ತೂರಿಸಬೇಡ ಎಂದ. ಎಸಿ ಎಂದರೆ ಈ ಸಮಾಜಸೇವಕರಿಗೆ ದೇವರ ದರ್ಶನ ಆದ ಹಾಗೆ.

ಹತ್ತನೆಯ ದಿನದ ಕ್ರಿಯೆಗೆ ಭಕ್ತಿಯೇ ಕರೆದಳು. “ಬರ್ರಿ ನಂದಾಕ್ಕ. ನಾಡದು ಸಾಲಿ ಸುರು ಆಗತದ. ನನಗ ಏನ ಮಾಡಬೇಕು ತಿಳೀವಲ್ತು.”

ಹೊಳೆಯ ದಂಡೆಯ ಕಲ್ಲಿನ ಮೇಲೆ ಪಿಂಡ ಇಟ್ಟಿದ್ದರು. ಗಂಡಸರು ಅದರ ಎದುರಿಗೆ, ಹೆಂಗಸರು ದೂರ ಬೇವಿನ ಗಿಡದ ನೆರಳಿಗೆ. ಕಾಗೆ ಬಂದು ಪಿಂಡ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದರ್ಥ. ಆಗ ಮನೆಯವರು ಆ ಆಸೆ ಯಾವುದೆಂದು ಊಹಿಸಿ, ಪೂರೈಸುತ್ತೇವೆ ಎಂದು ಗಟ್ಟಿಯಾಗಿ ಮಾತು ಕೊಡಬೇಕು. ಸರಿಯಾದ ಮಾತು ಬಿದ್ದಾಗ ಕಾಗೆ ಇಳಿಯುತ್ತದೆ. ಆಮೇಲೆ ಆ ಮಾತು ಮುರಿಯುವ ಧೈರ್ಯ ಯಾರಿಗೂ ಇಲ್ಲ.

ಜಾಲಿಯ ಗಿಡದ ಮೇಲೆ ಕಾಗೆಗಳು ಕುಳಿತಿದ್ದವು, ಇಳಿಯಲಿಲ್ಲ. ಪರಾಗ ಕೈಮುಗಿದು ಸುರು ಮಾಡಿದ.

“ಅವ್ವಾ, ಗಾಣಗಾಪುರಕ್ಕ ಹೋಗಿ ಬರತೀವಿ.”

ಇಲ್ಲ.

“ಮಠದಾಗ ಅನ್ನದಾನ ಮಾಡಸ್ತೀವಿ.”

ಇಲ್ಲ.

“ಆಕೀಗೆ ಜಿಲೇಬಿ ಭಾಳ ಸೇರತಿತ್ತು, ಜಿಲೇಬಿ ತರಸ್ರೋ” ಎಂದ ಯಾರೋ ಭಾವ. ಮೋಟರ್‌ಸೈಕಲ್ ಓಡಿತು. ಜಿಲೇಬಿ ಬಂತು. ನೊಣ ಬಂದವು. ಕಾಗೆ ಬರಲಿಲ್ಲ.

“ಸಕ್ಕರೀ ಬ್ಯಾನಿ ಅದಕ್ಕೂ ಬಂದದೇನೋ” ಎಂದು ಇನ್ನೊಬ್ಬ ಮೊಬೈಲಿನಿಂದ ತಲೆ ಎತ್ತದೇ ಅಂದ. ಗಂಡಸರು ಕಿಸಕ್ಕನೆ ನಕ್ಕರು. ಇಂಥ ಜನ. ಬದುಕಿದ್ದಾಗ ಬಾಯಿ ಬಿಡಲು ಕೊಡಲಿಲ್ಲ, ಈಗ ಗಿಡದ ಕಡೆ ಮುಖ ಮಾಡಿ ಸಾಲಾಗಿ ನಿಂತಿದ್ದಾರೆ, ಆಕೆಗೆ ಏನು ಬೇಕಿತ್ತೆಂದು ಹಕ್ಕಿಯನ್ನು ಕೇಳಲು.

ಬಿಸಿಲು ಏರಿತು. ಪಂಢರಿನಾಥರಾಯರಿಗೆ ಒಂದು ಹೊಳೆಯಿತು.

“ಮನೀ ಚಿಂತಿ ಹತ್ತಿರಬೇಕೋ ಆಕೀಗೆ. ಭಕ್ತಿ ನೌಕರಿ ಬಿಡತಾಳಂತ ಹೇಳು.”

ಪರಾಗ ಹೇಳಿದ. “ಅವ್ವಾ, ಭಕ್ತಿ ಸಾಲಿ ಬಿಟ್ಟು ಮನ್ಯಾಗ ಇದ್ದು ಅಪ್ಪನ್ನ ನೋಡಕೋತಾಳ. ನಿನ್ನ ಆಣಿ.”

ಆಗಲೇ ಒಂದು ಕಾಗೆ ಗಿಡ ಬಿಟ್ಟು ಕೆಳಗಿಳಿದು, ಕಲ್ಲಿನ ತುದಿಗೆ ಕುಳಿತು, ಕೊರಳು ವಾರೆ ಮಾಡಿ ಪಿಂಡ ನೋಡಿತು. ಭಕ್ತಿ ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನೆರಡು ಕುಪ್ಪಳಿಕೆ, ಒಂದು ಕೊಕ್ಕು, ಅಲ್ಲಿಗೆ ಆಕೆಯ ನೌಕರಿ ಮುಗಿಯುತ್ತಿತ್ತು. ಸತ್ತವಳಿಗೆ ಕೊಟ್ಟ ಮಾತನ್ನು ಯಾವ ಸೊಸೆ ಅಳಿಸಬಲ್ಲಳು?

ನಂದಾ ನೆರಳಿನಿಂದ ಓಡಿಬಂದು ಎರಡೂ ಕೈ ತಟ್ಟಿದಳು. “ಹುಶ್ಯಾ! ಹುಶ್!”

ಕಾಗೆ ಹಾರಿಹೋಯಿತು.

“ಏ ಬಾಯಿ! ತಲಿ ಕೆಟ್ಟದೇನು?” ಕ್ರಿಯೆ ಮಾಡಿಸುತ್ತಿದ್ದ ಭಟಜಿಯೇ ಎದ್ದು ನಿಂತ.

“ಕೆಟ್ಟಿಲ್ರಿ. ವೇಣೂಬಾಯಿ ಕಾಕು ತಮ್ಮ ಆಸೆ ನನಗ ಹೇಳ್ಯಾರ. ನಾಲ್ಕು ಮಂದಿ ಮುಂದ ಹೇಳಂದಾರ, ಹೇಳಾಕತ್ತೀನಿ. ಭಕ್ತಿ ಸಾಲಿಗೆ ಹೋಗಬೇಕು. ರಾಯರಿಗೆ ಖಾನಾವಳಿ ಡಬ್ಬಿ ಹಚ್ಚಬೇಕು.”

“ಸುಳ್ಳು!” ಎಂದ ಪರಾಗ. “ಅವ್ವಗ ತಾ ಸಾಯ್ತೀನಿ ಅಂತನ ಗೊತ್ತಿರಲಿಲ್ಲ. ಆಸೆ ಹ್ಯಾಂಗ ಹೇಳತಾಳ?”

“ಮೊದಲ ದಿನಾನ ಗೊತ್ತಿತ್ತು. ನೀವು ಮುಂದ ಕೂತು ಅಳಬಾರದಂತ ಸುಮ್ಮನಿದ್ದರು. ರಾಯರಿಗೆ ಚಾ ಮಾಡಾಕ ಬರತೈತಿ ಅಂತನೂ ಹೇಳ್ಯಾರ. ಅವರು ತವರಿಗೆ ಹೋದಾಗ ತಾವ ಮಾಡಕೊಂಡು ಕುಡದು, ಕಪ್ಪಬಸ್ಸಿ ತೊಳದಿಟ್ಟು, ಒರಸಾಕ ಮರೀತಿದ್ದರಂತ. ಇದನ್ನ ನನಗ ಮತ್ಯಾರ ಹೇಳತಾರ?”

ಹೆಂಗಸರ ನಡುವಿನಿಂದ ರಾಯರ ಮುದಿ ಅಕ್ಕ ಕೋಲೂರಿಕೊಂಡು ಮುಂದೆ ಬಂದಳು.

“ಪಂಢರೀ, ಚಾ ಮಾಡಲಿಕ್ಕೆ ಬರತದೇನೋ ನಿನಗ?”

ರಾಯರು ಹೊಳೆಯ ನೀರು ನೋಡಿದರು. “ಸ್ವಲ್ಪ… ಬರತದ.”

ಬೇವಿನ ಗಿಡದ ಕೆಳಗಿನ ನಗೆ ಹೊಳೆಯ ಆಚೆ ದಂಡೆಗೂ ಕೇಳಿಸಿರಬೇಕು.

“ನಗೂದು ಆಮ್ಯಾಲ ನಗ್ರಿ” ಎಂದ ಭಟಜಿ. ಆತನಿಗೆ ಇನ್ನೊಂದು ಮನೆಯ ಕ್ರಿಯೆ ಕಾದಿತ್ತು. ಕಾಗೆ ಮುಟ್ಟದಿದ್ದರೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸುವ ರೂಢಿಯುಂಟು. ಆತ ಆಗಲೇ ಹುಲ್ಲು ತಿರುವಿ ಗಂಟು ಹಾಕುತ್ತಿದ್ದ. “ಯಾರರ ಒಬ್ಬರು ಲಗೂ ಮಾತು ಕೊಡ್ರಿ.”

ಪರಾಗ ಬಾಯಿ ತೆರೆಯುವ ಮುಂಚೆ ಭಕ್ತಿ ಕಲ್ಲಿನ ಮುಂದೆ ಬಂದು ನಿಂತಳು.

“ಅತ್ಯಾ, ಸಾಲಿ ತೆರದ ದಿನಾ ನಾ ಹೋಗತೀನಿ. ಮಾವಾರಿಗೆ ಡಬ್ಬಿ ಹಚ್ಚತೀವಿ.”

ಭಟಜಿ ಹುಲ್ಲಿನ ಕಾಗೆಯ ಮೂತಿಯನ್ನು ಪಿಂಡಕ್ಕೆ ತಾಗಿಸಿದ. “ಮುಟ್ಟಿತು. ನಡೀರಿ, ಸ್ನಾನಾ ಮಾಡ್ರಿ.”

ಗಂಡಸರು ಹೊಳೆಗೆ ಇಳಿದರು. ಹುಲ್ಲಿನದಾದರೂ ಕಾಗೆ ಕಾಗೆಯೇ.

ಭಕ್ತಿ ಈಗ ದಿನಾ ಸೊಲ್ಲಾಪುರಕ್ಕೆ ಹೋಗಿ ಬರುತ್ತಾಳೆ. ಖಾನಾವಳಿಯ ಬೇಳೆ ನೀರುನೀರು ಎಂದು ರಾಯರು ಓಣಿಗೆಲ್ಲ ದೂರುತ್ತಾರೆ. ಎಸಿ ಬರಲಿಲ್ಲ. ಸಂಸ್ಥೆಯ ಗುಟ್ಟು ಹೊರಗೆ ಹಾಕಿದಳು, ಧರ್ಮಕಾರ್ಯ ಕೆಡಿಸಿದಳು, ಅಕ್ಕಲಕೋಟಕ್ಕೆ ಹೋಗಿ ರಾಯರ ಕಾಲಿಗೆ ಬಿದ್ದರೆ ಮಾತ್ರ ಮಾನಧನ ಎಂದು ಲಕ್ಷ್ಮೀಕಾಂತರಾವ್ ಹೇಳಿದ್ದಾನೆ. ನಂದಾ ಬಿದ್ದಿಲ್ಲ. ಕೆಲಸವನ್ನೂ ಬಿಟ್ಟಿಲ್ಲ. ಅಪ್ಪನ ಹತ್ತಿರ ಬಸ್ಸಿನ ರೊಕ್ಕ ಇಸಕೊಂಡು ಹೋಗುತ್ತಾಳೆ. ಹೊಸ ರೋಗಿಗಳ ಮನೆಯವರು ಆಕೆಯನ್ನು ಗೋಡೆಯ ಬದಿಗೆ ಕರೆದು ಹಳೆಯ ಮಾತನ್ನೇ ಪಿಸುಗುಡುತ್ತಾರೆ. ಒಬ್ಬರದು ಅಲ್ಸರು, ಒಬ್ಬರದು ಉಷ್ಣ, ಒಬ್ಬರದು ಬರೀ ಅಶಕ್ತಿ.

ಇದನ್ನು ಓದುತ್ತ ಅಯ್ಯೋ ಪಾಪ ಎನ್ನುತ್ತಿದ್ದೀರಲ್ಲ, ನಿಮ್ಮ ಪಾಪ ಯಾರಿಗೂ ಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಒಳಗಿನ ಖೋಲಿಯಲ್ಲಿ ಒಬ್ಬರು ಮಲಗಿದ್ದಾರೆ. ಅವರಿಗೂ ನೀವು ಏನೋ ಒಂದು ಸುಳ್ಳು ಹೆಸರು ಹೇಳಿದ್ದೀರಿ. ಈ ಪುಸ್ತಕ ಮುಚ್ಚಿ ಎದ್ದು ಹೋಗಿ. ಎಳನೀರು ಬೇಡ, ಪಂಚಮಿಯ ಜೋಕಾಲಿ ಬೇಡ. ಹಾಸಿಗೆಯ ಹತ್ತಿರ ಕುಳಿತು, ನಿಮಗೆ ಏನು ಬೇಕು ಎಂದು ಕೇಳಿ. ಅವರು ಹೇಳುವುದು ನಿಮಗೆ ಅನಾನುಕೂಲವೇ ಇರುತ್ತದೆ. ನಡುವೆ ಬಾಯಿ ಹಾಕದೇ ಪೂರ್ತಿ ಕೇಳಿ. ಕೇಳಿದ್ದನ್ನು ಅವರ ಕಣ್ಣು ತೆರೆದಿರುವಾಗಲೇ ಮಾಡಿ.